ನೂರಾಹತ್ತು ಹಲ್ಲು

ನಮ್ಮ ಮನೆಯಲ್ಲಿ ಒಲೆಯಿಂದ ರೊಟ್ಟಿಯ ಹಂಚು ಇಳಿದ ಮೇಲೆ ಕೆಲವು ದಿನ ಅದೇ ಒಲೆಗೆ ಕಬ್ಬಿಣ ಏರುತ್ತಿತ್ತು. ಲಿಂಗಸುಗೂರಿನ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರಿಗೆ ಇದನ್ನು ಹೇಳಿದಾಗಲೆಲ್ಲ ಅವರು ನಕ್ಕಿದ್ದೇ ಹೆಚ್ಚು. ನಗಲಿ. ಅವರ ಮನೆಗಳಲ್ಲಿ ಅಡುಗೆಮನೆ ಬೇರೆ, ದುಡಿಮೆಯ ಜಾಗ ಬೇರೆ ಇದ್ದಿರಬೇಕು. ನಮ್ಮಲ್ಲಿ ಹಾಗಿರಲಿಲ್ಲ. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ಮುಖ ಮಾಡಿ ತಗಡಿನ ಗ್ಯಾರೇಜು, ಅದರ ಬೆನ್ನಿಗೇ ಮಣ್ಣಿನ ಮಾಳಿಗೆಯ ಮನೆ, ನಡುವೆ ಎಂದೂ ಮುಚ್ಚದ ಒಂದು ಬಾಗಿಲು. ಆ ಬಾಗಿಲಿನಿಂದ ಡೀಸೆಲ್ ವಾಸನೆ ಒಳಗೆ ಬರುತ್ತಿತ್ತು, ಒಗ್ಗರಣೆಯ ವಾಸನೆ ಹೊರಗೆ ಹೋಗುತ್ತಿತ್ತು. ಪಡಸಾಲೆಯ ಗೂಡಿನಲ್ಲಿ ದೇವರ ಪಟದ ಪಕ್ಕ ಹಳೆಯ ಸ್ಪಾರ್ಕ್ ಪ್ಲಗ್ಗುಗಳು ಸಾಲಾಗಿ ನಿಂತಿದ್ದವು. ಅವ್ವ ದೀಪ ಹಚ್ಚುವಾಗ ಅವಕ್ಕೂ ಒಂದು ಚಿಟಿಕೆ ಕುಂಕುಮ ಬೀಳುತ್ತಿತ್ತು. ನನ್ನ ಹಾಸಿಗೆ, ನನ್ನ ಪಾಟಿಚೀಲ, ನನ್ನ ತಲೆಗೂದಲು ಎಲ್ಲಕ್ಕೂ ಗ್ರೀಸಿನ ವಾಸನೆ. ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂರಲು ಮೂಗು ಮುರಿಯುತ್ತಿದ್ದರು. ಲೆಕ್ಕದ ಪರೀಕ್ಷೆಯ ದಿನ ಮಾತ್ರ ಯಾರಿಗೂ ಆ ವಾಸನೆ ಬರುತ್ತಿರಲಿಲ್ಲ.

ಮನೆಯಲ್ಲಿ ನಾವು ಐವರು. ಅಪ್ಪ ಶರಣಪ್ಪ, ಅಪ್ಪನ ಅಣ್ಣ ಬಸಪ್ಪ, ಅಂದರೆ ನನ್ನ ದೊಡ್ಡಪ್ಪ, ಅವ್ವ, ದೊಡ್ಡವ್ವ, ಮತ್ತೆ ನಾನು, ಗಿರಿಜಾ. ದೊಡ್ಡಪ್ಪ ದೊಡ್ಡವ್ವರಿಗೆ ಮಕ್ಕಳಿರಲಿಲ್ಲ. ಹಾಗೆಂದು ಯಾರಾದರೂ ಎದುರಿಗೇ ಹೇಳಿದರೆ ದೊಡ್ಡಪ್ಪ, “ಯಾಕ, ಗಿರ್ಜವ್ವ ಇಲ್ಲೇನು?” ಎಂದು ತಿರುಗಿ ಕೇಳುತ್ತಿದ್ದ. ನನಗೆ ಎರಡು ಮಡಿಲುಗಳಿದ್ದವು, ಒಂದರಲ್ಲಿ ಬೈಗುಳ ಬಿದ್ದರೆ ಇನ್ನೊಂದಕ್ಕೆ ಹೋಗಿ ಕೂರುತ್ತಿದ್ದೆ. ಅಣ್ಣತಮ್ಮ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಅಜ್ಜನ ಕಾಲದ ದೊಡ್ಡ ಹಿತ್ತಾಳೆಯ ಗಂಗಾಳ ಅದು. ಈ ಕಡೆ ಅಪ್ಪ, ಆ ಕಡೆ ದೊಡ್ಡಪ್ಪ, ನಡುವೆ ಪುಂಡಿಪಲ್ಯದ ಗುಡ್ಡೆ, ಅದರ ಮೇಲೆ ಶೇಂಗಾ ಹಿಂಡಿ. ಕೆಲಸದ ಮಧ್ಯೆ ಎಷ್ಟೇ ಜಗಳ ಆಗಿರಲಿ, ಗಂಗಾಳದ ಮುಂದೆ ಕೂತ ಮೇಲೆ ಮಾತು ನಿಲ್ಲಬೇಕು, ಇಲ್ಲವಾದರೆ ದೊಡ್ಡವ್ವ ರೊಟ್ಟಿ ಹಾಕುವುದನ್ನೇ ನಿಲ್ಲಿಸುತ್ತಿದ್ದಳು. ಜಗಳಕ್ಕೆ ಕಾರಣ ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಅಪ್ಪನ ಕೈ ಚುರುಕು, ನೋಡುತ್ತಿದ್ದಂತೆ ಬಿಚ್ಚಿ ನೋಡುತ್ತಿದ್ದಂತೆ ಜೋಡಿಸುವವನು. ದೊಡ್ಡಪ್ಪ ಒಂದು ಬೋಲ್ಟನ್ನು ಮೂರು ಸಲ ಮುಟ್ಟಿ ನೋಡುವವನು, ನಟ್ಟುಗಳನ್ನು ಬಟ್ಟಲಲ್ಲಿ ಎಣಿಸಿ ಇಡುವವನು. ಒಬ್ಬನ ಅವಸರದಿಂದ ಗ್ಯಾರೇಜಿಗೆ ಗಿರಾಕಿ ಬರುತ್ತಿದ್ದರು, ಇನ್ನೊಬ್ಬನ ನಿಧಾನದಿಂದ ಅವರು ಉಳಿಯುತ್ತಿದ್ದರು. ಇದು ನನಗೆ ಈಗ ಗೊತ್ತು. ಆಗ ನನಗೆ ಇಬ್ಬರ ಜಗಳವೂ ಒಂದು ತಮಾಷೆ.

ಒಲೆಯ ಮೇಲೆ ಕಬ್ಬಿಣ ಏರುವುದೆಂದರೆ ಹೀಗೆ. ಎಂಜಿನ್ನಿನ ಬೆನ್ನಿಗೆ ಒಂದು ಭಾರದ ಚಕ್ರ ಇರುತ್ತದೆ, ಫ್ಲೈವೀಲು. ಅದರ ಅಂಚಿಗೆ ಹಲ್ಲಿನ ಬಳೆ ತೊಡಿಸಿರುತ್ತಾರೆ. ಗಾಡಿ ಚಾಲೂ ಮಾಡುವ ಸೆಲ್ಫ್ ಮೋಟರಿನ ಪುಟ್ಟ ಹಲ್ಲುಗಾಲಿ ಬಂದು ಈ ಹಲ್ಲುಗಳನ್ನು ಕಚ್ಚಿ ಚಕ್ರವನ್ನು ತಿರುಗಿಸಬೇಕು. ಹಲ್ಲು ಸವೆದರೆ ಹಳೆಯ ಬಳೆ ಒಡೆದು ಹೊಸದನ್ನು ತೊಡಿಸಬೇಕು. ಹೊಸ ಬಳೆ ಚಕ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಕಾಯಿಸಿದರೆ ಹಿಗ್ಗುತ್ತದೆ, ಹಿಗ್ಗಿದಾಗ ಮೇಲೆ ಇಳಿಸಿದರೆ ಆರುತ್ತ ಬಿಗಿಯುತ್ತದೆ. ಕಡಿಮೆ ಕಾದರೆ ಇಳಿಯುವುದಿಲ್ಲ, ಹೆಚ್ಚು ಕಾದರೆ ಹಲ್ಲು ಮೆತ್ತಗಾಗುತ್ತದೆ. ಆ ಹದ ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ದೊಡ್ಡವ್ವನಿಗೆ ಮಾತ್ರ. ತೊಗರಿಕಟ್ಟಿಗೆಯ ಉರಿಯ ಮೇಲೆ ಬಳೆ ಇಟ್ಟು, ಆಗಾಗ ಒಂದು ಚಿಟಿಕೆ ಜೋಳದ ಹಿಟ್ಟು ಉದುರಿಸುತ್ತಿದ್ದಳು. ಹಿಟ್ಟು ಬೆಳ್ಳಗೇ ಇದ್ದರೆ ಇನ್ನೂ ಕಾಯಬೇಕು. ಕಪ್ಪಾದರೆ ಕೆಟ್ಟಿತು. ರೊಟ್ಟಿಯ ಮೇಲಿನ ಕಂದು ಚುಕ್ಕೆಯ ಬಣ್ಣಕ್ಕೆ ಬಂದರೆ, “ಆತು, ಎತ್ತರಿ” ಎನ್ನುತ್ತಿದ್ದಳು. ಅಣ್ಣತಮ್ಮ ಎರಡು ಇಕ್ಕಳ ಹಿಡಿದು ಬಳೆಯನ್ನು ಎತ್ತಿಕೊಂಡು ಅಂಗಳಕ್ಕೆ ನಡೆಯುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡಬಾರದು. ಬಳೆ ಚಕ್ರದ ಮೇಲೆ ಕೂತ ಟಣ್ ಎನ್ನುವ ಸದ್ದಿಗೆ ನಾವೆಲ್ಲ ಕಾಯುತ್ತಿದ್ದೆವು. ಅಪ್ಪ ಸಿಡುಕ, ದೊಡ್ಡಪ್ಪ ಮಂದ. ಆದರೆ ಇಕ್ಕಳ ಹಿಡಿದು ಹೆಜ್ಜೆ ಹಾಕುವಾಗ ಇಬ್ಬರ ಕಾಲೂ ಒಟ್ಟಿಗೇ ಏಳುತ್ತಿದ್ದವು.

ಲಿಂಗಸುಗೂರಿನ ವಕೀಲರೊಬ್ಬರ ಹತ್ತಿರ ಗುಂಡು ಬೆನ್ನಿನ ಒಂದು ಕಪ್ಪು ಕಾರಿತ್ತು. ಆಗಲೇ ಹಳೆಯದು, ಆದರೂ ಅವರಿಗೆ ಅದರ ಮೇಲೆ ಜೀವ. ಅದರ ಗೇರ್‌ಬಾಕ್ಸು ಹೋಯಿತು, ಅದರ ಸಾಮಾನು ಎಲ್ಲಿಯೂ ಸಿಗಲಿಲ್ಲ. ಮಗಳ ನಿಶ್ಚಯಕ್ಕೆ ಮುದಗಲ್ಲಿಗೆ ಅದೇ ಕಾರಿನಲ್ಲಿ ಹೋಗಬೇಕೆಂದು ಅವರ ಹಟ. ಅಪ್ಪ ಹರಾಜಿನಲ್ಲಿ ಬಂದ ಒಂದು ಜೀಪಿನ ಗೇರ್‌ಬಾಕ್ಸನ್ನು ಅದಕ್ಕೆ ಕೂರಿಸುತ್ತೇನೆಂದು ಮಾತು ಕೊಟ್ಟ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಗಂಟೆಯ ಆಕಾರದ ಒಂದು ಎರಕದ ಬಟ್ಟಲು ಇರುತ್ತದೆ, ಬೆಲ್ ಹೌಸಿಂಗು. ನಾವು ಗಂಟಿ ಎನ್ನುತ್ತಿದ್ದೆವು. ಫ್ಲೈವೀಲು ಆ ಗಂಟಿಯ ಒಳಗೆ ಅಡಗಿ ಕೂರುತ್ತದೆ, ಸೆಲ್ಫು ಗಂಟಿಯ ಪಕ್ಕಕ್ಕೆ ಕಚ್ಚಿಕೊಳ್ಳುತ್ತದೆ. ಈಗ ಗಂಟಿ ಜೀಪಿನದು, ಚಕ್ರ ಕಾರಿನದು, ಹಳೆಯ ಸೆಲ್ಫು ಹೊಸ ಗಂಟಿಯ ತೂತಿಗೆ ಹೊಂದುವುದಿಲ್ಲ. ದೊಡ್ಡಪ್ಪ ಮೊದಲ ದಿನವೇ ತಲೆಯಾಡಿಸಿದ.

“ಶರಣ್ಯಾ, ಚಕ್ರ, ಗಂಟಿ, ಸೆಲ್ಫು ಮೂರೂ ಒಂದ ಮನಿಯಾವ ಇರಬೇಕು. ಇಲ್ಲಂದ್ರ ಹಲ್ಲು ಎಣಿಸಿ ಹೊಂದಸಬೇಕು.”

“ಎಣಿಸಿಕೋತ ಕುಂತ್ರ ನಿಶ್ಚೇ ಮುಗದು ಲಗ್ನನೂ ಆಕ್ಕತಿ, ಅಣ್ಣ.”

“ಆಗಲಿ. ಎಣಿಸದ ನಾ ಸೆಲ್ಫ್ ತರೂದಿಲ್ಲ.”

ಚಕ್ರದ ಹಲ್ಲು ಸವೆದಿದ್ದವು. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಬಳೆಗಳಲ್ಲಿ ಹೊಂದುವುದೊಂದನ್ನು ತೆಗೆದು, ದೊಡ್ಡವ್ವ ಕಾಯಿಸಿ, ಅಣ್ಣತಮ್ಮ ತೊಡಿಸಿದರು. ಆ ಅಳತೆಯ ಬಳೆಯಲ್ಲಿ ಎರಡು ಜಾತಿ: ಒಂದಕ್ಕೆ ನೂರಾಹತ್ತು ಹಲ್ಲು, ಇನ್ನೊಂದಕ್ಕೆ ನೂರಾಇಪ್ಪತ್ತು. ಕಣ್ಣಿಗೆ ಎರಡೂ ಒಂದೇ. ಸೆಲ್ಫು ಮಾತ್ರ ಬೇರೆ ಬೇರೆ. ಒಂದರ ಸೆಲ್ಫು ಇನ್ನೊಂದಕ್ಕೆ ಹಾಕಿದರೆ ಹಲ್ಲಿಗೆ ಹಲ್ಲು ಕೂರದೆ ಮುರಿಯುವುದೇ ಸೈ. ಎಣಿಸುವ ಕೆಲಸ ನನ್ನದು. ನನ್ನ ಬೆರಳು ಸಣ್ಣ, ತಲೆ ಚುರುಕು ಎಂದು ದೊಡ್ಡಪ್ಪ ಎರಡು ವರ್ಷದಿಂದ ನನಗೇ ಅದನ್ನು ಬಿಟ್ಟಿದ್ದ. ಆಮೇಲೆ ತಾನೂ ಒಮ್ಮೆ ಎಣಿಸುತ್ತಿದ್ದ, ಅದು ಬೇರೆ ಮಾತು. ಅವನು ಕಲಿಸಿದ ಕ್ರಮವೆಂದರೆ, ಹತ್ತು ಹಲ್ಲಿಗೊಂದು ಸೀಮೆಸುಣ್ಣದ ಗೆರೆ. ಚಕ್ರವನ್ನು ಗೋಣಿಚೀಲದ ಮೇಲೆ ಗೋಡೆಗೆ ಒರಗಿಸಿದ್ದರು. ನಾನು ಲಂಗ ಹರಡಿ ಅದರ ಮುಂದೆ ಕೂತು ಗೆರೆ ಎಳೆಯುತ್ತ ಹೋದೆ. ಸುತ್ತು ಮುಗಿಯುವ ಹೊತ್ತಿಗೆ ಒಳಗಿನಿಂದ ದೊಡ್ಡವ್ವನ ಕೂಗು.

“ಗಿರ್ಜಾ, ಬಾ ಬೇ. ರೊಟ್ಟಿ ಆರಾಕತ್ತಾವ.”

ಎದ್ದು ಹೋದೆ. ಬಿಸಿ ರೊಟ್ಟಿ, ಬೆಣ್ಣೆ, ಖಾರಪುಡಿ. ಉಂಡು ಬರುವಷ್ಟರಲ್ಲಿ ಅಪ್ಪ ಕಾರಿನ ಅಡಿಯಿಂದ ಕೂಗುತ್ತಿದ್ದ, ಚಕ್ರ ಏರಿಸಬೇಕು, ಇನ್ನೂ ಆಗಲಿಲ್ಲವೇ ಎಂದು. ನಾನು ಹಲ್ಲು ಎಣಿಸಲಿಲ್ಲ. ಗೆರೆ ಎಣಿಸಿದೆ. ಹನ್ನೊಂದು ಗೆರೆ. ಪಾಟಿಚೀಲದಿಂದ ಒಂದು ಹಾಳೆ ಹರಿದು, ದುಂಡಗೆ ನೂರಾಹತ್ತು ಎಂದು ಬರೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಎಂದಿನಂತೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಅಪ್ಪ ಕಾರಿನ ಅಡಿಯಿಂದಲೇ ಚುಚ್ಚಿದ.

“ಆಕಿ ಲೆಕ್ಕದಾಗ ಇಡೀ ಸಾಲಿಗೇ ಮೊದಲು. ಆಕಿ ಎಣಿಸಿದ್ದರ ಮ್ಯಾಲೂ ನಿನಗ ಸಂಶೇನು?”

ದೊಡ್ಡಪ್ಪ ನನ್ನ ಮುಖ ನೋಡಿದ. ಚಕ್ರದ ಮೇಲಿಟ್ಟಿದ್ದ ಬೆರಳನ್ನು ತೆಗೆದ.

“ಇಲ್ಲ. ನಮ್ಮ ಗಿರ್ಜವ್ವ ಎಣಿಸ್ಯಾಳ. ಸಾಕು,” ಎಂದ. ಚೀಟಿಯನ್ನು ಮಡಿಚಿ ಅಂಗಿಯ ಕಿಸೆಗೆ ಇಟ್ಟುಕೊಂಡ.

ಜೀವಮಾನದಲ್ಲಿ ಅವನು ಎರಡನೆಯ ಸಲ ಎಣಿಸದೆ ಎದ್ದದ್ದು ಅದೊಂದೇ ಸಲ ಎಂದು ಕಾಣುತ್ತದೆ. ನನಗಾಗಿ ಎದ್ದ. ನನಗೆ ಆಗ ಎಷ್ಟು ಹೆಮ್ಮೆ ಆಯಿತೆಂದರೆ, ಓಡಿಹೋಗಿ ಅವ್ವನಿಗೂ ದೊಡ್ಡವ್ವನಿಗೂ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಅವ್ವ ಬಚ್ಚಲಕಲ್ಲಿನ ಮೇಲೆ ನನ್ನ ಲಂಗ ಹರಡಿ, ಅಂಚಿನಲ್ಲಿ ಗ್ರೀಸು ಮೆತ್ತಿದ ಒಂದು ಬಿಳಿ ಬರೆ ತೋರಿಸಿ, “ಇದೇನಬೇ, ಸುಣ್ಣ ಎಲ್ಲಿ ಮೆತ್ತಿಕೊಂಡಿ?” ಎಂದು ಬೈದಳು. ನಾನು ನಿಂತಲ್ಲೇ ನಿಂತೆ. ಸೀಮೆಸುಣ್ಣದ ಬರೆ. ಊಟಕ್ಕೆ ಎದ್ದಾಗ ಲಂಗ ಚಕ್ರಕ್ಕೆ ಒರೆಸಿ ಒಂದು ಗೆರೆ ಅಳಿಸಿಹೋಗಿತ್ತು. ಅಳಿಸಿರಲಿಕ್ಕಿಲ್ಲ, ಇದು ಬೇರೆ ಸುಣ್ಣ ಇರಬೇಕು, ಪಾಟಿಯದು ಇರಬೇಕು ಎಂದು ಮನಸ್ಸಿಗೆ ಹೇಳಿದೆ, ಮನಸ್ಸು ಒಪ್ಪಲಿಲ್ಲ. ಮತ್ತೆ ಎಣಿಸೋಣವೆಂದರೆ ಅಪ್ಪ ಹಿಂದಿನ ದಿನವೇ ಚಕ್ರವನ್ನು ಕೂರಿಸಿ ಮೇಲೆ ಗಂಟಿ ಮುಚ್ಚಿದ್ದ. ಹೊರಗೆ ರಸ್ತೆಯಲ್ಲಿ ದೊಡ್ಡಪ್ಪ ಲಿಂಗಸುಗೂರು ಬಸ್ಸಿಗೆ ಕಾಯುತ್ತ ನಿಂತಿದ್ದ, ಅಲ್ಲಿನ ಗುಜರಿಯಿಂದ ಸೆಲ್ಫ್ ತರಲು. ಬಾಗಿಲಿನಿಂದ ನನಗೆ ಅವನ ಬೆನ್ನು ಕಾಣುತ್ತಿತ್ತು. ಪಕ್ಕದ ಚಹಾದಂಗಡಿಯವನಿಗೆ ಅವನು ಹೇಳುತ್ತಿದ್ದುದೂ ಕೇಳಿಸುತ್ತಿತ್ತು, ಈಗೀಗ ತಾನು ಎಣಿಸುವ ಕೆಲಸ ಬಿಟ್ಟಿದ್ದೇನೆ, ಮಗಳು ಕಲಿತಿದ್ದಾಳೆ ಎಂದು. ಆ ಮಾತು ಕೇಳದಿದ್ದರೆ ಓಡಿಹೋಗಿ ಹೇಳುತ್ತಿದ್ದೆನೇನೋ. ಬಸ್ಸು ಬಂತು, ಅವನು ಹತ್ತಿದ. ನಾನು ಶಾಲೆಗೆ ಹೋದೆ.

ದೊಡ್ಡಪ್ಪ ತಂದ ಸೆಲ್ಫು ಗಂಟಿಗೆ ಕೂತಿತು. ಬ್ಯಾಟರಿ ಸತ್ತಿದ್ದರೂ ಕಾರು ಹ್ಯಾಂಡಲ್ ಹಾಕಿ ತಿರುವಿದರೆ ಚಾಲೂ ಆಗುತ್ತಿತ್ತು. ಅಪ್ಪ ಹಾಗೇ ಚಾಲೂ ಮಾಡಿ ಸಾಲಗುಂದದವರೆಗೆ ಓಡಿಸಿ ಬಂದ, ಗೇರು ಬೆಣ್ಣೆಯಂತೆ ಬೀಳುತ್ತವೆ ಎಂದು ಕುಣಿದ. ಬೇರೆ ಬ್ಯಾಟರಿ ಹಾಕಿ ಸೆಲ್ಫನ್ನೂ ಒಮ್ಮೆ ನೋಡೋಣ ಎಂದು ದೊಡ್ಡಪ್ಪ ಹೇಳಿದ್ದಕ್ಕೆ, ಹೊಸ ಬ್ಯಾಟರಿಯನ್ನು ನಾಳೆ ವಕೀಲರೇ ತರುತ್ತಾರೆ, ಸುಮ್ಮನಿರು ಎಂದ. ಮರುದಿನ ವಕೀಲರು ಬಂದರು. ಹೆಂಡತಿ, ರೇಷ್ಮೆ ಸೀರೆಯ ಮಗಳು, ಇಬ್ಬರು ಹಿರಿಯರು, ಒಂದು ಬುಟ್ಟಿ ಹಣ್ಣುಕಾಯಿ. ಅವ್ವ ಕಾರಿಗೆ ಆರತಿ ಎತ್ತಿದಳು, ಗಾಲಿಗಳ ಅಡಿ ನಿಂಬೆಹಣ್ಣು ಇಟ್ಟರು. ಅಕ್ಕಪಕ್ಕದವರು ಸೇರಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಕೂತು ಸೆಲ್ಫ್ ಹೊಡೆದ.

ಆ ಸದ್ದನ್ನು ನಾನು ಹೇಗೆ ಬರೆಯಲಿ? ಕಲ್ಲು ಅರೆದಂತೆ ಕಿರ್ ಎಂದಿತು, ಒಮ್ಮೆ ಲಟ್ ಎಂದಿತು, ಮತ್ತೆ ಏನೂ ಇಲ್ಲ. ದೊಡ್ಡಪ್ಪ ಬಗ್ಗಿ ನೋಡಿದ. ಗಂಟಿಯ ಮೂಗು, ಸೆಲ್ಫ್ ಕೂರುವ ಜಾಗ, ಸೀಳಿ ನೇತಾಡುತ್ತಿತ್ತು. ಎಂಜಿನ್ನಿಗೆ ಗೇರ್‌ಬಾಕ್ಸನ್ನು ಹಿಡಿದಿದ್ದೇ ಆ ಗಂಟಿ, ಇನ್ನು ಹ್ಯಾಂಡಲ್ ಹಾಕಿಯೂ ಓಡಿಸುವಂತಿರಲಿಲ್ಲ. ವಕೀಲರು ಸಿಟ್ಟಾಗಲಿಲ್ಲ. ಗಡಿಯಾರ ನೋಡಿಕೊಂಡರು.

“ನಾವು ಬಸ್ಸಿಗೆ ಹೋಗ್ತೀವಿ, ಶರಣಪ್ಪ. ಹೊತ್ತಾತು,” ಎಂದರು.

ರೇಷ್ಮೆ ಸೀರೆಯ ಹುಡುಗಿ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದಳು. ಮಂದಿ ಚದುರಿದ ಮೇಲೆ ಅಪ್ಪ ಅಂಗಳದ ನಡುವೆ ನಿಂತು, ನನಗೆ ಇವತ್ತಿಗೂ ಕೇಳಿಸುವಷ್ಟು ಮೆಲ್ಲಗೆ ಮಾತು ತೆಗೆದ.

“ಎಷ್ಟು ಹಲ್ಲಿನ ಸೆಲ್ಫ್ ತಂದಿ?”

“ನೂರಾಹತ್ತರದು.”

“ಚೀಟ್ಯಾಗ ಎಷ್ಟಿತ್ತು?”

ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅತ್ತುಬಿಡುತ್ತಿದ್ದೆ, ಎಲ್ಲವೂ ಅಲ್ಲೇ ಮುಗಿಯುತ್ತಿತ್ತು.

“ನೂರಾಇಪ್ಪತ್ತು ಇತ್ತು. ಚೀಟಿ ಎಲ್ಲೋ ಕಳಕೊಂಡೆ. ನೆನಪಿನ ಮ್ಯಾಲ ತಂದೆ. ತಪ್ಪಿತು.”

ಚೀಟಿ ಅವನ ಕಿಸೆಯಲ್ಲೇ ಇತ್ತು. ಅದರ ಮೂಲೆ ಹೊರಗೆ ಇಣುಕುತ್ತಿದ್ದುದನ್ನು ನಾನು ನೋಡುತ್ತ ನಿಂತಿದ್ದೆ. ಅಪ್ಪನ ಕೈ ಬಿರುಸು, ಬಾರುಕೋಲಿನ ರುಚಿ ನನಗೆ ಗೊತ್ತಿತ್ತು, ನಿಜ. ಆದರೆ ನನ್ನ ಬಾಯಿ ಕಟ್ಟಿದ್ದು ಬಾರುಕೋಲಲ್ಲ. ಇಡೀ ಶಾಲೆಗೆ ಮೊದಲು ಬರುವ ಗಿರಿಜಾ ಹನ್ನೆರಡು ಗೆರೆ ಎಣಿಸಲಾರದೆ ಹೋದಳು ಎಂದು ಊರು ತಿಳಿಯುವುದು ನನಗೆ ಬೇಡವಾಗಿತ್ತು. ಅಪ್ಪ ಆಮೇಲೆ ದನಿ ಏರಿಸಿದ.

“ಇಷ್ಟು ವರ್ಷ ನನ್ನ ತಲಿ ತಿಂದಿ. ಎಣಸು, ಎಣಸು, ಎಣಸು. ಇವತ್ತ ನೀನ ಮರತು ಮಂದಿ ಮುಂದ ನನ್ನ ಮಾನ ಕಳದಿ. ಇನ್ನ ನಿನ್ನ ಕೈಯಾಗಿನ ಕೆಲಸ ನನಗ ಬ್ಯಾಡ.”

ಸಿಟ್ಟಿನ ಮಾತು ಅಲ್ಲಿಗೆ ನಿಂತಿದ್ದರೆ ಸಂಜೆ ಗಂಗಾಳದ ಮುಂದೆ ಕರಗುತ್ತಿತ್ತು. ನಿಲ್ಲಲಿಲ್ಲ. ಹತ್ತು ವರ್ಷದ ಹಿಂದಿನ ಬೋಲ್ಟುಗಳೆಲ್ಲ ಹೊರಗೆ ಬಂದವು. ಯಾವ ಟ್ರ್ಯಾಕ್ಟರ್ ಯಾರಿಂದ ಕೆಟ್ಟಿತು, ಯಾವ ಗಿರಾಕಿ ಯಾರ ನಿಧಾನಕ್ಕೆ ಬೇಸತ್ತು ಹೋದ. ದೊಡ್ಡಪ್ಪ ಒಂದಕ್ಕೂ ಉತ್ತರ ಕೊಡಲಿಲ್ಲ. ಉತ್ತರ ಕೊಡಬೇಕಾದರೆ ಕಿಸೆಗೆ ಕೈ ಹಾಕಬೇಕಾಗಿತ್ತು. ಆ ರಾತ್ರಿ ಗಂಗಾಳಕ್ಕೆ ಅಪ್ಪ ಒಬ್ಬನೇ ಬಂದ. ದೊಡ್ಡವ್ವ ರೊಟ್ಟಿ ಹಾಕುವುದನ್ನು ನಿಲ್ಲಿಸಿದಳು, ಆದರೆ ಈ ಸಲ ಅದರಿಂದ ಏನೂ ಆಗಲಿಲ್ಲ.

ದೊಡ್ಡಪ್ಪ ಹೋಗುವ ಮೊದಲು ಆ ಕಾರಿನ ಕೆಲಸ ತಾನೇ ಮುಗಿಸಿದ. ಗಂಟಿಯ ಮೂಗಿಗೆ ಹಿತ್ತಾಳೆಯ ಬೆಸುಗೆ ಹಾಕಿದ, ಚಕ್ರ ಬಿಚ್ಚಿ ಮೂರು ದಿನ ಅದರ ಮುಂದೆ ಏನೇನೋ ಮಾಡುತ್ತ ಕೂತ, ನೂರಾಇಪ್ಪತ್ತರ ಸೆಲ್ಫ್ ತಂದು ಹಾಕಿದ. ಆ ಮೂರು ದಿನ ನಾನು ಗ್ಯಾರೇಜಿನ ಕಡೆ ಹೋಗಲಿಲ್ಲ. ಶಾಲೆಯಿಂದ ಬಂದು ಹಿತ್ತಲಿನ ದಾರಿಯಿಂದ ಮನೆ ಹೊಕ್ಕೆ. ಕಾರು ವಕೀಲರ ಮನೆ ಸೇರಿದ ಮೇಲೆ ಅವನೂ ದೊಡ್ಡವ್ವನೂ ಮಸ್ಕಿಗೆ ಹೊರಟರು. ದೊಡ್ಡವ್ವ ಒಲೆಯ ಹತ್ತಿರ ಬಂದು ತನ್ನ ಹಂಚು ಒಂದನ್ನೇ ಎತ್ತಿಕೊಂಡಳು. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, “ಬರ್ತೀನವ್ವ,” ಎಂದ. ನಾನು ಅವನ ಪಾದ ನೋಡುತ್ತ ನಿಂತೆ.

ಆಮೇಲೆ ನಮ್ಮ ಮನೆಯಲ್ಲಿ ಕಬ್ಬಿಣ ಒಲೆಗೆ ಏರಲಿಲ್ಲ. ಅವ್ವನಿಗೆ ಆ ಹದ ಬರಲಿಲ್ಲ; ಅಪ್ಪ ಗ್ಯಾಸಿನ ಉರಿಯಲ್ಲಿ ಕಾಯಿಸಿ ಎರಡು ಬಳೆ ಕೆಡಿಸಿ ಆ ಕೆಲಸವನ್ನೇ ಬಿಟ್ಟ. ನಡುವಿನ ಬಾಗಿಲಿಗೆ ಅಗುಳಿ ಬಂತು. ಅಪ್ಪ ಕೊನೆಯವರೆಗೂ ಅದೇ ಗಂಗಾಳದಲ್ಲಿ ಉಂಡ, ಅರ್ಧ ಭಾಗದಲ್ಲಿ ಮಾತ್ರ. ಆ ಕಡೆಯ ಅರ್ಧಕ್ಕೆ ಅವನ ಕೈ ಹೋಗಿದ್ದನ್ನು ನಾನು ಕಾಣೆ. ನಾನು ಓದಿ ಲಿಂಗಸುಗೂರಿನಲ್ಲಿ ಲೆಕ್ಕದ ಟೀಚರಾದೆ. ಎರಡು ಸಲ ಎಣಿಸದ ಮಕ್ಕಳಿಗೆ ಅಂಕ ಕೊಡದ ಟೀಚರೆಂದು ಹೆಸರೂ ಆಯಿತು. ನಾಲ್ಕನೆಯ ತರಗತಿಯ ಮಗುವೊಂದನ್ನು ಒಂದು ತಪ್ಪು ಸಂಖ್ಯೆಗೆ ಇಡೀ ಪೀರಿಯಡ್ಡು ನಿಲ್ಲಿಸಿದ್ದೇನೆ. ಆ ಮಗುವಿಗೆ ಮಾಡಿದ್ದು ಯಾರಿಗೆ ಮಾಡಬೇಕಾಗಿದ್ದ ಶಿಕ್ಷೆ ಎಂದು ನನಗೆ ಗೊತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗಬೇಕಾದರೆ ಮಸ್ಕಿ ದಾಟಲೇಬೇಕು. ದೊಡ್ಡಪ್ಪನ ಗ್ಯಾರೇಜು ಅಲ್ಲಿ ರಸ್ತೆಗೇ ಇತ್ತು, ಬಸ್ಸು ಅದರಾಚೆ ಐದು ನಿಮಿಷ ನಿಲ್ಲುತ್ತಿತ್ತು. ಪ್ರತಿ ಸಲವೂ ದೊಡ್ಡಪ್ಪ ಗ್ಯಾರೇಜಿನ ಹೊರಗೆ ನಿಂತು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಚಹಾ ಕುಡಿಯುವ ಹೊತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ. ವರ್ಷಗಟ್ಟಲೆ ಆ ಬ್ಯಾಗಿನಲ್ಲಿ ಏನು ಹುಡುಕಿದೆನೋ. ಮದುವೆ ಮುಂಜಿಗಳಲ್ಲಿ ಎದುರಾದಾಗ ಎರಡೂ ಮನೆಯವರು ಹೌದು, ಇಲ್ಲ ಎನ್ನುವಷ್ಟು ಮಾತಾಡುತ್ತಿದ್ದೆವು. ಅವನು ತೀರಿಕೊಂಡಾಗ ಹೋದೆ, ಹೂವಿಟ್ಟೆ, ಮಂದಿಯ ನಡುವೆ ಕೂತು ಎದ್ದು ಬಂದೆ. ಅಪ್ಪ ಬರಲಿಲ್ಲ. ಬಹಳ ದಿನಗಳ ನಂತರ, ಹಾಸಿಗೆ ಹಿಡಿದಿದ್ದಾಗ, ಅಪ್ಪ ಮಾಳಿಗೆಯ ತೊಲೆ ನೋಡುತ್ತ ಕೇಳಿದ್ದ.

“ನಿಮ್ಮ ದೊಡ್ಡಪ್ಪ ಜನ್ಮದಾಗ ಒಂದು ನಂಬರ್ ಮರತಾಂವಲ್ಲ. ಅವತ್ತ ಹ್ಯಾಂಗ ಮರತ?”

ಹೇಳಬೇಕಾಗಿದ್ದ ಹೊತ್ತು ಅದು. ನಾನು ಅವನ ದಿಂಬು ಸರಿ ಮಾಡಿದೆ. ಗೊತ್ತಿಲ್ಲಪ್ಪ ಎಂದೆ. ಅಪ್ಪ ಹಾಗೇ ಹೋದ. ಅಣ್ಣನನ್ನು ತಪ್ಪು ತಿಳಿದುಕೊಂಡೇ ಹೋದ.

ಈಗ ಇದನ್ನೆಲ್ಲ ಬರೆಯುವಂತಾದದ್ದು ಹೋದ ತಿಂಗಳು ಬಂದ ಒಂದು ಫೋನಿನಿಂದ. ದೊಡ್ಡವ್ವ ಇನ್ನೂ ಮಸ್ಕಿಯಲ್ಲೇ ಇದ್ದಾಳೆ, ಗ್ಯಾರೇಜಿನ ಹಿಂದಿನ ಮನೆಯಲ್ಲಿ, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಗ್ಯಾರೇಜನ್ನು ದೊಡ್ಡಪ್ಪನ ಕೈಯಲ್ಲಿ ಕೆಲಸ ಕಲಿತ ಮೌಲಾಸಾಬ ನಡೆಸುತ್ತಾನೆ. ಅವನಿಗೂ ಈಗ ಮೊಮ್ಮಕ್ಕಳು. ದೊಡ್ಡವ್ವ ಕುಶಲ ಕೇಳಲಿಲ್ಲ.

“ವಕೀಲರ ಕಾರು ಬಂದೈತಿ. ಅವರ ಮೊಮ್ಮಗಳು ತಂದಾಳ. ಐದು ಗೇರಿನ ಹೊಸ ಡಬ್ಬಿ ಹಾಕಬೇಕಂತ. ಮೌಲಾ ಚಕ್ರ ಬಿಚ್ಚಿ ಕುಂತಾನ, ಎಣಸೋರು ಬೇಕಂತಾನ. ಬರ್ತೀಯೇನು?”

ಹೋದೆ. ಅದೇ ಕಪ್ಪು ಕಾರು, ಬಣ್ಣ ಮಾಸಿತ್ತು. ಗೇರ್‌ಬಾಕ್ಸು ಬದಲಾದರೆ ಮತ್ತೆ ಅವೇ ಮೂರು: ಚಕ್ರ, ಗಂಟಿ, ಸೆಲ್ಫು. ಹಳೆಯ ಗಂಟಿ ನೆಲದ ಮೇಲಿತ್ತು, ಅದರ ಮೂಗಿನ ಮೇಲೆ ದೊಡ್ಡಪ್ಪನ ಹಿತ್ತಾಳೆಯ ಬೆಸುಗೆ ಇನ್ನೂ ಗಟ್ಟಿ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಒರಗಿಸಿದ ಫ್ಲೈವೀಲು. ದೊಡ್ಡವ್ವ ಬಾಗಿಲ ಬಳಿ ಹೊರಸಿನ ಮೇಲೆ ಕೂತಿದ್ದಳು. ಮೌಲಾಸಾಬ ಒಂದು ಬಟ್ಟೆ ಕೊಟ್ಟ.

“ಎಣಸ್ರಿ ಟೀಚರ್ರ. ನನಗ ಕನ್ನಡಕ ಇಲ್ಲದ ಆಗೂದಿಲ್ಲ,” ಎಂದ. ಕನ್ನಡಕ ಅವನ ಹಣೆಯ ಮೇಲೇ ಇತ್ತು.

ಗ್ರೀಸು ಒರೆಸಿ ಬೆರಳಿಟ್ಟೆ. ಸೀಮೆಸುಣ್ಣ ಕೇಳಲಿಲ್ಲ, ಬೇಕಾಗಲಿಲ್ಲ. ಹತ್ತನೆಯ ಹಲ್ಲಿನ ಬುಡದಲ್ಲಿ ಉಳಿಯಿಂದ ಬಡಿದ ಒಂದು ಚುಕ್ಕೆ ಇತ್ತು. ಇಪ್ಪತ್ತನೆಯದಕ್ಕೆ ಇನ್ನೊಂದು. ಯಾರ ಲಂಗಕ್ಕೂ ಅಳಿಸದ ಹಾಗೆ ದೊಡ್ಡಪ್ಪ ಮೂರು ದಿನ ಕೂತು ಕಬ್ಬಿಣದಲ್ಲೇ ಗೆರೆ ಮಾಡಿದ್ದ. ಹನ್ನೆರಡು ಜಾಗ. ಹನ್ನೊಂದು ಕಡೆ ಒಂದೊಂದು ಚುಕ್ಕೆ, ಕೆಳಗಡೆ ಒಂದು ಜಾಗದಲ್ಲಿ ಮಾತ್ರ ಎರಡು, ಒತ್ತಿ ಒತ್ತಿ ಬಡಿದವು. ಅಳಿಸಿಹೋದ ಗೆರೆಯ ಜಾಗ. ಅವತ್ತು ಚಕ್ರ ಬಿಚ್ಚಿದಾಗ ಗ್ರೀಸಿನಲ್ಲಿ ಉಳಿದಿದ್ದ ಸುಣ್ಣದ ಕಲೆಯಿಂದ ಅವನಿಗೆ ಎಲ್ಲವೂ ತಿಳಿದಿತ್ತು. ನಾನು ಉಡಾಫೆಯಿಂದ ತಪ್ಪಿದವಳಲ್ಲ, ಗೆರೆ ಅಳಿಸಿದ್ದಕ್ಕೆ ತಪ್ಪಿದವಳು ಎಂದು ಅವನಿಗೆ ಗೊತ್ತಿತ್ತು. ಅದನ್ನು ಗಂಟಿಯ ಒಳಗೆ ಮುಚ್ಚಿ ಬೋಲ್ಟು ಬಿಗಿದು ಹೋಗಿದ್ದ.

ನಾನು ನೆಲದ ಮೇಲೆಯೇ ಕೂತು ಹೇಳಿದೆ. ಎಷ್ಟೋ ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳು ಬರಲಿಲ್ಲ.

“ದೊಡ್ಡವ್ವ, ಅವತ್ತ ತಪ್ಪು ಎಣಿಸಿದಾಕಿ ನಾನು.”

“ಗೊತ್ತೈತಿ. ಅಂಗಿ ಒಗಿಯಾಕ ಹಾಕೋ ಮುಂದ ಕಿಸೆದಾಗ ಚೀಟಿ ಸಿಕ್ಕಿತ್ತು. ನನಗ ಓದಾಕ ಬರೂದಿಲ್ಲಂದ್ರ ನಿನ್ನ ದುಂಡನ ಅಕ್ಷರ ಗೊತ್ತಾಗೂದಿಲ್ಲೇನು?”

“ದೊಡ್ಡಪ್ಪ ಏನಂದ?”

“ಸಣ್ಣ ಹುಡುಗಿ, ಅವರಪ್ಪನ ಕೈ ಬಿರುಸು, ಸುಮ್ಮನಿರು ಅಂದ. ದೊಡ್ಡಾಕಿ ಆದ ಮ್ಯಾಲ ತಾನ ಬಂದು ಹೇಳ್ತಾಳ ಅಂದ.”

“ನಾ ಬರಲಿಲ್ಲ.”

“ಬರಲಿಲ್ಲ,” ಎಂದಳು ದೊಡ್ಡವ್ವ. ಸೆರಗಿನ ಅಂಚು ತಿರುವುತ್ತ ಮತ್ತೆ ಹೇಳಿದಳು. “ಶನಿವಾರದ ಬಸ್ಸಿಗೆ ನೀ ಹೊಕ್ಕೀ ಅಂತ ಅವಗ ಗೊತ್ತಿತ್ತು. ಬಸ್ಸಿನ ಸಪ್ಪಳ ಕೇಳಿದ್ರ ಕೈಯಾಗಿನ ಕೆಲಸ ಬಿಟ್ಟು ಹೊರಗ ಹೋಗಿ ನಿಂದ್ರತಿದ್ದ. ಬಸ್ ಹೋದ ಮ್ಯಾಲ ಒಳಗ ಬಂದು, ಇವತ್ತ ಬಸ್ಸಿನ್ಯಾಗ ಭಾಳ ಗದ್ದಲಿತ್ತು, ಆಕಿಗೆ ಇಳಿಯಾಕ ಆಗಿರಲಿಕ್ಕಿಲ್ಲ ಅಂತಿದ್ದ.”

ಶನಿವಾರ ಮಧ್ಯಾಹ್ನದ ಆ ಬಸ್ಸಿನಲ್ಲಿ ಎಂದೂ ಗದ್ದಲ ಇರುತ್ತಿರಲಿಲ್ಲ. ನನಗೆ ಯಾವಾಗಲೂ ಕಿಟಕಿಯ ಸೀಟೇ ಸಿಗುತ್ತಿತ್ತು.

ದೊಡ್ಡವ್ವ ಉಣ್ಣಿಸಿ ಕಳಿಸಿದಳು, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೌಲಾಸಾಬನಿಗೆ ಚೀಟಿಯಲ್ಲಿ ನೂರಾಇಪ್ಪತ್ತು ಎಂದು ಬರೆದುಕೊಟ್ಟೆ. ಹೊರಗೆ ಬಂದ ಮೇಲೆ, ದೊಡ್ಡಪ್ಪ ನಿಲ್ಲುತ್ತಿದ್ದ ಜಾಗದಿಂದ ಬಸ್ಸು ನಿಲ್ಲುವ ಜಾಗಕ್ಕೆ ಹೆಜ್ಜೆ ಎಣಿಸುತ್ತ ನಡೆದೆ. ನಲವತ್ತೊಂದಾಯಿತು. ತಪ್ಪಿರಬಹುದೆಂದು ತಿರುಗಿ ಅಲ್ಲಿಗೇ ಹೋಗಿ ಮತ್ತೆ ಎಣಿಸಿಕೊಂಡು ಬಂದೆ. ನಲವತ್ತೊಂದೇ ಇದ್ದವು.